ಮನೆಯೊಳಗಿನ ಕೋವಿ



ಕಳೆದ ತಿಂಗಳು ಒಂದು ಮುಂಜಾನೆ, ಹೂವಿನ ಬುಟ್ಟಿ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದಾಗ, ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೂರವಾಣಿ ಕರೆ ಬಂತು. ಅಲ್ಲಿ ಆಗ ರಾತ್ರಿ. ಕುಶಲಪ್ರಶ್ನೆಗಳಾದ ಮೇಲೆ ಅವನು ದನಿ ತಗ್ಗಿಸಿ ಹೇಳಿದನು: "ಸರ್, ನಾವಿರುವ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಗೆ ಕಳ್ಳರು ನುಗ್ಗಿದ್ದರು. ಆ ಮನೆಯವರು ಒಳಗೇ ಇದ್ದರು. ನಾನೂ ಒಂದು ಬಂದೂಕು ಕೊಳ್ಳೋಣವೆಂದಿದ್ದೇನೆ. ಯಾವುದನ್ನು ಕೊಳ್ಳುವುದೆಂದು ಅಂಗಡಿಯಲ್ಲಿ ವಿಚಾರಿಸಿಯೂ ಬಂದೆ. ಇವಳು ಮಾತ್ರ ಬೇಡವೆನ್ನುತ್ತಾಳೆ. ನೀವೊಂದು ಮಾತು ಹೇಳಬೇಕು."

ನನಗೆ ನಗುವೂ ಬಂತು, ಗಾಬರಿಯೂ ಆಯಿತು. ಇತಿಹಾಸ ಪಾಠ ಮಾಡಿದ ಮೇಷ್ಟರಿಗೂ ಬಂದೂಕಿಗೂ ಏನು ಸಂಬಂಧ? ನಾನು ಆಯುಧ ಮುಟ್ಟಿದ್ದು ಬದುಕಿನಲ್ಲಿ ಒಮ್ಮೆ ಮಾತ್ರ, ಎನ್.ಸಿ.ಸಿ. ಶಿಬಿರದಲ್ಲಿ. ಐದು ಗುಂಡು ಹಾರಿಸಿದೆ; ಒಂದೂ ಫಲಕಕ್ಕೆ ತಾಗಲಿಲ್ಲ. ಆದರೂ ಗಂಡಹೆಂಡಿರ ನಡುವಣ ಈ ವ್ಯಾಜ್ಯದಲ್ಲಿ ಅವನು ನನ್ನನ್ನು ಕರೆದದ್ದು ಪಂಚಾಯಿತಿಗಲ್ಲ, ತನ್ನ ಕಡೆಯ ಸಾಕ್ಷಿಯಾಗಿ ಎಂಬುದು ಅವನ ಮುಂದಿನ ಮಾತಿನಿಂದ ತಿಳಿಯಿತು. "ಹಲಗಲಿಯ ಬೇಡರ ಪಾಠ ಮಾಡಿದವರು ನೀವೇ ಅಲ್ಲವೆ ಸರ್?" ಎಂದನು.

ಮಾಡಿದ್ದೆನು, ನಿಜ. ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದ ಸೀಮೆಯಲ್ಲಿರುವ ಚಿಕ್ಕ ಊರು ಹಲಗಲಿ. 1857ರ ದಂಗೆಯಿಂದ ಬೆಚ್ಚಿದ ಇಂಗ್ಲಿಷರು ಅದೇ ವರ್ಷ ನಿಶ್ಶಸ್ತ್ರೀಕರಣದ ಶಾಸನವನ್ನು ತಂದು, ಜನರು ತಮ್ಮ ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂದು ಆಜ್ಞೆ ಮಾಡಿದರು. ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ ಅವರ ಕುಲವೃತ್ತಿ; ಆಯುಧವೆಂದರೆ ಅನ್ನ, ಆಯುಧವೆಂದರೆ ಮಾನ. ನವೆಂಬರ್ ಕೊನೆಯಲ್ಲಿ ಕಂಪನಿಯ ಪಡೆ ಊರನ್ನು ಮುತ್ತಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಆ ಕಥೆಯನ್ನು ಲಾವಣಿಯಾಗಿ ಜನ ಹಾಡಿದರು. ಶಾಸನ ಸಂಶೋಧಕ ಜೆ. ಎಫ್. ಫ್ಲೀಟನು ಅದನ್ನು ಸಂಗ್ರಹಿಸಿ ಅಚ್ಚು ಮಾಡಿಸಿದ್ದರಿಂದ ನಮಗೆ ಉಳಿಯಿತು. ಆ ಪಾಠ ಮಾಡುವಾಗ ನನ್ನ ಗಂಟಲು ಕಟ್ಟುತ್ತಿದ್ದುದನ್ನು ಹುಡುಗರು ಗಮನಿಸಿದ್ದರೆಂದು ಈಗ ಗೊತ್ತಾಯಿತು.

ಹಿಂದೂಸ್ತಾನದವರ ಕೈಯಿಂದ ಕೋವಿ ಕಸಿದುಕೊಂಡ ಆ ಕಾನೂನು 1878ರ ಆಯುಧ ಶಾಸನದಲ್ಲಿ ಇನ್ನಷ್ಟು ಬಿಗಿಯಾಯಿತು. ಬಹುಮಂದಿ ಮರೆತಿರುವ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1930ರ ಜನವರಿಯಲ್ಲಿ, ಉಪ್ಪಿನ ಸತ್ಯಾಗ್ರಹಕ್ಕೆ ಮುಂಚೆ, ಗಾಂಧೀಜಿ ವೈಸರಾಯ್ ಇರ್ವಿನ್ನರ ಮುಂದೆ ಹನ್ನೊಂದು ಬೇಡಿಕೆಗಳನ್ನಿಟ್ಟರು. ಮದ್ಯಪಾನ ನಿಷೇಧ, ಭೂಕಂದಾಯದ ಕಡಿತ, ಉಪ್ಪಿನ ತೆರಿಗೆಯ ರದ್ದು ಮುಂತಾದವುಗಳ ಸಾಲಿನಲ್ಲಿ, ಜನತೆಯ ನಿಯಂತ್ರಣಕ್ಕೊಳಪಟ್ಟು ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿ ಕೊಡಬೇಕೆಂಬುದೂ ಒಂದಾಗಿತ್ತು. ಅಹಿಂಸೆಯ ಆಚಾರ್ಯರೇ ಹೀಗೆ ಕೇಳಿದರೆ ಎಂದು ತರಗತಿಯಲ್ಲಿ ಪ್ರತಿವರ್ಷವೂ ಯಾರಾದರೊಬ್ಬರು ಹುಬ್ಬೇರಿಸುತ್ತಿದ್ದರು. ಕಸಿದುಕೊಂಡದ್ದನ್ನು ಮರಳಿ ಕೇಳುವುದು ಬೇರೆ, ಮರಳಿ ಪಡೆದುದನ್ನು ಬಳಸುವುದು ಬೇರೆ ಎಂದು ಉತ್ತರಿಸುತ್ತಿದ್ದೆ.

ಇವಿಷ್ಟೂ ನನ್ನ ವಿದ್ಯಾರ್ಥಿಯ ಪಕ್ಷಕ್ಕೆ ಅನುಕೂಲವಾದ ಸಾಕ್ಷ್ಯ. ಆದರೆ ಪ್ರತಿವಾದಿ ಸಾಮಾನ್ಯಳಲ್ಲ. ಅವನ ಹೆಂಡತಿ ಕೊಡಗಿನವಳು. ಕೋವಿಯ ನೆರಳಿನಲ್ಲಿಯೇ ಬೆಳೆದವಳು. 1861ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನು ಕೊಡಗಿನವರಿಗೆ ನಿಶ್ಶಸ್ತ್ರೀಕರಣದ ಶಾಸನ ಅನ್ವಯಿಸದೆಂದು ಪ್ರಕಟಣೆ ಹೊರಡಿಸಿದನು. ಹಲಗಲಿಯವರಿಗೆ ನೇಣು, ಕೊಡಗಿನವರಿಗೆ ಮನ್ನಣೆ. ನಡುವೆ ನಾಲ್ಕೇ ವರ್ಷ. ಸರ್ಕಾರಕ್ಕೆ ನೆರವಾದವರಿಗೂ ಎದುರು ನಿಂತವರಿಗೂ ಇದ್ದ ವ್ಯತ್ಯಾಸ ಅದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು; 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ವಾಡಿಕೆ. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ.

ಅವಳಿಗೆ ಫೋನು ಕೊಡೆಂದೆ. "ಮೇಷ್ಟ್ರೆ, ನಮ್ಮ ಮನೆಯ ಕೋವಿ ಕಾಡುಹಂದಿಗೆ ಇತ್ತು, ಹಬ್ಬಕ್ಕೆ ಇತ್ತು. ಮನುಷ್ಯರಿಗೆ ಇರಲಿಲ್ಲ. ಸುತ್ತ ತೋಟ, ಮಣ್ಣಿನ ದಪ್ಪ ಗೋಡೆ. ಇಲ್ಲಿ ಗೋಡೆಗೆ ಮೊಳೆ ಹೊಡೆದರೆ ಆಚೆ ಮನೆಯ ಕ್ಯಾಲೆಂಡರ್ ಅಲುಗಾಡುತ್ತದೆ" ಎಂದಳು.

ಎರಡು ದಿನ ಪುಸ್ತಕಗಳನ್ನು ತಿರುವಿಹಾಕಿದೆ. ಕಲಿತದ್ದನ್ನು ಉಳಿದ ವಿದ್ಯಾರ್ಥಿಗಳೂ ಬಂಧುಗಳೂ ಓದಲೆಂದು ಇಲ್ಲಿ ಬರೆಯುತ್ತಿದ್ದೇನೆ. ನಮ್ಮವರ ಮಕ್ಕಳು ಆ ದೇಶದಲ್ಲಿ ಈಗ ಅನೇಕರಿದ್ದಾರೆ.

ಮೊದಲು ಹಕ್ಕಿನ ಮಾತು. ಮನೆಯೇ ಗೃಹಸ್ಥನ ಕೋಟೆ ಎಂಬ ನ್ಯಾಯಸೂತ್ರ ಇಂಗ್ಲೆಂಡಿನಲ್ಲಿ 1604ರಷ್ಟು ಹಿಂದೆ ಸೆಮೇನ್ ಎಂಬವನ ಮೊಕದ್ದಮೆಯಲ್ಲಿ ಹೇಳಿದ್ದು. ಎಡ್ವರ್ಡ್ ಕೋಕ್ ಅದನ್ನು ದಾಖಲಿಸಿದನು. ಅಮೆರಿಕದವರು ಆ ಸೂತ್ರವನ್ನೂ ಹಡಗಿನಲ್ಲಿ ಹೇರಿಕೊಂಡು ಹೋದರು. 1791ರಲ್ಲಿ ಅವರ ಸಂವಿಧಾನಕ್ಕೆ ಸೇರಿದ ಎರಡನೆಯ ತಿದ್ದುಪಡಿ ಆಯುಧ ಹೊಂದುವ ಜನರ ಹಕ್ಕನ್ನು ಹೇಳುತ್ತದೆ. ಆದರೆ ಅದು ನಾಗರಿಕ ಸೇನೆಗೆ ಸಂಬಂಧಿಸಿದ್ದೋ ಒಬ್ಬೊಬ್ಬನ ಮನೆಗೆ ಸಂಬಂಧಿಸಿದ್ದೋ ಎಂಬ ಜಗಳ ಇನ್ನೂರು ವರ್ಷಗಳಿಗೂ ಮೀರಿ ನಡೆಯಿತು. ತೀರ್ಮಾನವಾದದ್ದು 2008ರ ಜೂನ್ 26ರಂದು.

ಆ ಮೊಕದ್ದಮೆ ಸ್ವಾರಸ್ಯವಾದುದು. ರಾಜಧಾನಿ ವಾಷಿಂಗ್ಟನ್ ನಗರವು 1976ರಿಂದ ಕೈಬಂದೂಕುಗಳನ್ನು ನಿಷೇಧಿಸಿತ್ತು. ಉದ್ದ ಕೋವಿಯನ್ನು ಇಟ್ಟುಕೊಳ್ಳಬಹುದಿತ್ತು, ಆದರೆ ಬಿಚ್ಚಿಯಾದರೂ ಇಡಬೇಕು, ಕುದುರೆಗೆ ಬೀಗ ಹಾಕಿಯಾದರೂ ಇಡಬೇಕು. ಡಿಕ್ ಹೆಲ್ಲರ್ ಎಂಬವರು ಅಲ್ಲಿಯ ಸರ್ಕಾರಿ ಕಟ್ಟಡವೊಂದರ ಕಾವಲಿನವರು. ಹಗಲೆಲ್ಲ ಸರ್ಕಾರದ ಪಿಸ್ತೂಲನ್ನು ಸೊಂಟಕ್ಕೆ ಕಟ್ಟಿಕೊಂಡು ಕಾಯುತ್ತಿದ್ದ ಅವರು ರಾತ್ರಿ ತಮ್ಮ ಮನೆಯಲ್ಲಿ ಒಂದನ್ನು ಇಟ್ಟುಕೊಳ್ಳುವಂತಿರಲಿಲ್ಲ. ಆರು ಮಂದಿ ಸೇರಿ ದಾವೆ ಹೂಡಿದ್ದರೂ, ಅರ್ಜಿ ಹಾಕಿ ತಿರಸ್ಕೃತರಾದವರು ಅವರೊಬ್ಬರೇ ಆದ್ದರಿಂದ ಮೊಕದ್ದಮೆ ಅವರ ಹೆಸರಿನಲ್ಲಿ ನಿಂತಿತು. ಐದಕ್ಕೆ ನಾಲ್ಕರ ಬಹುಮತದಿಂದ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು.

ತೀರ್ಪು ಬರೆದ ನ್ಯಾಯಮೂರ್ತಿ ಸ್ಕಲಿಯಾ ಮನೆಗೆ ಕೈಬಂದೂಕೇ ಏಕೆಂಬುದಕ್ಕೆ ಕೊಟ್ಟ ಕಾರಣಗಳನ್ನು ನೋಡಿ: ತುರ್ತಿನಲ್ಲಿ ಕೈಗೆ ಸಿಗುವಂತೆ ಇಡಬಹುದು, ಆಕ್ರಮಣಕಾರನು ಸುಲಭವಾಗಿ ಕಿತ್ತುಕೊಳ್ಳಲಾರನು, ಉದ್ದ ಕೋವಿಯನ್ನು ಎತ್ತಿಹಿಡಿಯುವ ತ್ರಾಣವಿಲ್ಲದವರಿಗೂ ಆದೀತು, ಒಂದು ಕೈಯಲ್ಲಿ ಗುರಿಯಿಟ್ಟು ಇನ್ನೊಂದು ಕೈಯಿಂದ ಪೊಲೀಸರಿಗೆ ಫೋನು ಮಾಡಬಹುದು. ನಮ್ಮ ವಿದ್ಯಾರ್ಥಿಗೆ ಅಂಗಡಿಯವನು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ! ಭಿನ್ನಮತ ಬರೆದ ಬ್ರೈಯರ್ ಅವರು, ಜನ ಒತ್ತಾಗಿ ಬಾಳುವ ಊರಿನಲ್ಲಿ ಆಯುಧಗಳಿಗೆ ಕಟ್ಟುಪಾಡು ವಿಧಿಸಲು ನಗರಸಭೆಗೆ ಸಕಾರಣವಿದೆ ಎಂದು ವಾದಿಸಿದ್ದರು.

ಎರಡು ವರ್ಷಗಳ ಮೇಲೆ, 2010ರಲ್ಲಿ, ಷಿಕಾಗೋ ನಗರದ ಇಂತಹದೇ ನಿಷೇಧ ಬಿದ್ದಿತು. ಅಲ್ಲಿಯ ಫಿರ್ಯಾದಿ ಓಟಿಸ್ ಮ್ಯಾಕ್‌ಡೊನಾಲ್ಡ್ 76 ವರ್ಷದ ಕಪ್ಪು ಜನಾಂಗದ ವೃದ್ಧರು, ನಿವೃತ್ತ ಕೆಲಸಗಾರರು. ಅವರ ಮನೆಗೆ ಹಲವು ಬಾರಿ ಕನ್ನ ಬಿದ್ದಿತ್ತು. ಚರೆಕೋವಿಗಳು ಅವರಲ್ಲಿದ್ದವು, ಆ ವಯಸ್ಸಿನಲ್ಲಿ ಕತ್ತಲಲ್ಲಿ ಎತ್ತಲು ಕೈಬಂದೂಕು ಬೇಕೆಂದರು. ಅಂತರ್ಯುದ್ಧ ಮುಗಿದ ವರ್ಷವೇ, 1865ರಲ್ಲಿ, ಮಿಸಿಸಿಪಿ ರಾಜ್ಯ ಬಿಡುಗಡೆಗೊಂಡ ಗುಲಾಮರು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಬಾರದೆಂದು ಕಾನೂನು ಮಾಡಿತ್ತು. ಹಲಗಲಿಯ ನೆನಪಾಗದೆ ಇದ್ದೀತೆ? ಮ್ಯಾಕ್‌ಡೊನಾಲ್ಡರ ಗೆಲುವಿನಲ್ಲಿ ಆ ಹಳೆಯ ಅನ್ಯಾಯದ ಚರಿತ್ರೆಯೂ ಸಾಕ್ಷಿ ನುಡಿಯಿತು. ಆದ್ದರಿಂದ ಬಂದೂಕಿನ ಹಕ್ಕೆಂದ ಕೂಡಲೇ ಅದು ಬರಿಯ ಪುಂಡರ ಹಟವೆಂದು ನಾವು ಇಲ್ಲಿ ಕುಳಿತು ಮೂಗು ಮುರಿಯುವುದು ಸರಿಯಲ್ಲ.

ಅಲ್ಲಿರುವ ನಮ್ಮ ಹುಡುಗರಿಗೆ ಒಂದು ಎಚ್ಚರಿಕೆ. ವಲಸೆಯದಲ್ಲದ ವೀಸಾದ ಮೇಲೆ, ಅಂದರೆ ಎಚ್‌-1ಬಿ ಉದ್ಯೋಗಕ್ಕೋ ಓದಿಗೋ ಹೋದವರು ಬಂದೂಕು ಹೊಂದುವುದನ್ನು 1998ರ ತಿದ್ದುಪಡಿ ನಿಷೇಧಿಸಿದೆ. ಬೇಟೆಯ ಪರವಾನಗಿ ಇದ್ದವರಿಗೆ ಮತ್ತು ಇಂತಹ ಕೆಲವರಿಗೆ ಮಾತ್ರ ವಿನಾಯಿತಿ. ತಿಳಿಯದೆ ಕೊಂಡರೆ ಸೆರೆಮನೆಯೂ ಗಡೀಪಾರೂ ಕಾದಿರುತ್ತವೆ. ನಮ್ಮವನಿಗೆ ಹಸಿರು ಚೀಟಿ ಬಂದಿರುವುದರಿಂದ ಆ ತೊಡಕಿಲ್ಲ. ಬಾಡಿಗೆ ಮನೆಯೆಂಬ ತೊಡಕೂ ಇಲ್ಲ. ಟೆಕ್ಸಾಸಿನಲ್ಲಿ ಮನೆಯೊಡೆಯರು ಬಾಡಿಗೆದಾರರ ಬಂದೂಕನ್ನು ತಡೆಯಬಾರದೆಂದು 2019ರಲ್ಲಿ ಶಾಸನವಾಗಿದೆ. ಬೇರೆ ರಾಜ್ಯಗಳ ಕಟ್ಟಳೆ ಬೇರೆ. ನ್ಯೂಯಾರ್ಕಿನಲ್ಲಿ 1911ರಿಂದಲೂ ಕೈಬಂದೂಕಿಗೆ ಪರವಾನಗಿ ಬೇಕು.

ಇನ್ನು ಯಾವ ಬಂದೂಕು? ರಿವಾಲ್ವರಿಗೆ ಸ್ಯಾಮ್ಯುಯೆಲ್ ಕೋಲ್ಟನು ಅಮೆರಿಕದಲ್ಲಿ ಹಕ್ಕುಪತ್ರ ಪಡೆದದ್ದು 1836ರಲ್ಲಿ. ಸರಳ ಯಂತ್ರ, ಗುಂಡುಗಳ ಉರುಳೆ ಕಣ್ಣಿಗೆ ಕಾಣುತ್ತದೆ. ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕನ ಪಿಸ್ತೂಲು 1980ರ ದಶಕದಲ್ಲಿ ಬಂದು ಪೊಲೀಸರ ಸೊಂಟದಿಂದ ರಿವಾಲ್ವರನ್ನು ಇಳಿಸಿತು. ಕೈಬಂದೂಕು ಚಿಕ್ಕದು ನಿಜ, ಆದರೆ ಗುರಿ ಹಿಡಿಯಲು ಅತ್ಯಂತ ಕಷ್ಟವಾದುದು. ನಿರಂತರ ಅಭ್ಯಾಸವಿಲ್ಲದವನು ನಡುಗುವ ಕೈಯಲ್ಲಿ ಹಾರಿಸಿದರೆ ಗುಂಡು ಎಲ್ಲಿಗೆ ಹೋದೀತೋ ದೇವರೇ ಬಲ್ಲ. ಚರೆಕೋವಿ ಭುಜಕ್ಕೆ ಆನುವುದರಿಂದ ಗುರಿ ಸುಲಭ, ಆದರೆ ಉದ್ದ, ಒದೆತ ಹೆಚ್ಚು, ಇಕ್ಕಟ್ಟಾದ ಓಣಿಯಲ್ಲಿ ತಿರುಗಿಸುವುದು ಕಷ್ಟ. ಮೊಟಕು ಮಾಡಿಕೊಳ್ಳೋಣವೆಂದರೆ ನಳಿಗೆ 18 ಅಂಗುಲಕ್ಕೆ ಕಡಮೆಯಾಗುವಂತಿಲ್ಲ. ಇದರ ಹಿಂದೆ ಒಂದು ವಿಚಿತ್ರ ಚರಿತ್ರೆಯಿದೆ. ದರೋಡೆಕೋರರ ಹಾವಳಿಯ ಕಾಲದಲ್ಲಿ ತಂದ 1934ರ ಶಾಸನದ ಕರಡಿನಲ್ಲಿ ಪಿಸ್ತೂಲು ರಿವಾಲ್ವರುಗಳೂ ಕಟ್ಟುಪಾಡಿಗೆ ಸೇರಿದ್ದವು. ಜನ ಕೋವಿಯನ್ನು ಕೊಯ್ದು ಪಿಸ್ತೂಲಿನಷ್ಟು ಮಾಡಿಕೊಂಡಾರೆಂದು ನಳಿಗೆಯ ಅಳತೆ ಗೊತ್ತುಮಾಡಿದರು. ಕಡೆಗೆ ವಿರೋಧಕ್ಕೆ ಮಣಿದು ಪಿಸ್ತೂಲನ್ನು ಕೈಬಿಟ್ಟರು, ಅಳತೆಯನ್ನು ಮಾತ್ರ ಉಳಿಸಿದರು! ಅಂಗಡಿಯಲ್ಲಿ ಪಿಸ್ತೂಲು ಸಲೀಸಾಗಿ ಸಿಗುವುದಕ್ಕೂ ಮೊಂಡುಕೋವಿಗೆ ನೋಂದಣಿ ಬೇಕಾಗಿರುವುದಕ್ಕೂ ಇದೇ ಕಾರಣ.

ಆದರೆ ಕೊಡಗಿನ ಮಗಳು ಎತ್ತಿದ್ದು ಆಯುಧದ ಪ್ರಶ್ನೆಯಲ್ಲ, ಗೋಡೆಯ ಪ್ರಶ್ನೆ. ಓದುತ್ತ ಓದುತ್ತ ನನಗೆ ಅದೇ ಹೆಚ್ಚಿನದಾಗಿ ಕಂಡಿತು. 1830ರ ದಶಕದಲ್ಲಿ ಷಿಕಾಗೋದ ಕಡೆ ತೆಳುವಾದ ಮರದ ಪಟ್ಟಿಗಳಿಗೆ ಮೊಳೆ ಹೊಡೆದು ಮನೆ ಎಬ್ಬಿಸುವ ಪದ್ಧತಿ ಹಬ್ಬಿತು. 1894ರಲ್ಲಿ ಅಗಸ್ಟೀನ್ ಸ್ಯಾಕೆಟ್ ಎಂಬವನು ಕಾಗದದ ನಡುವೆ ಜಿಪ್ಸಮ್ಮನ್ನು ಅಡಕಿದ ಹಲಗೆಗೆ ಹಕ್ಕುಪತ್ರ ಪಡೆದನು. ಎರಡನೆಯ ಮಹಾಯುದ್ಧದ ಅನಂತರ ಲಕ್ಷಾಂತರ ಮನೆಗಳನ್ನು ಅವಸರದಲ್ಲಿ ಕಟ್ಟಬೇಕಾದಾಗ ಗಾರೆ ಮೆತ್ತುವ ಕೆಲಸವನ್ನು ಆ ಹಲಗೆ ನುಂಗಿತು. ಅರ್ಧ ಅಂಗುಲದ ಎರಡು ಹಲಗೆ, ನಡುವೆ ಟೊಳ್ಳು: ಕೋಣೆಕೋಣೆಗಳ ನಡುವೆ ಇರುವ ಗೋಡೆ ಸಾಮಾನ್ಯವಾಗಿ ಇಷ್ಟೇ. ಮನುಷ್ಯನನ್ನು ತಡೆಯಬಲ್ಲ ಯಾವ ಗುಂಡೂ, ದೊಡ್ಡ ಚರೆಯೂ, ಇಂತಹ ಒಂದಲ್ಲ, ಹಲವು ಗೋಡೆಗಳನ್ನು ದಾಟಬಲ್ಲದು. ಹಕ್ಕಿಗೆ ಹೊಡೆಯುವ ಸಣ್ಣ ಚರೆ ಬೇಗ ಬಲ ಕಳೆದುಕೊಳ್ಳುತ್ತದೆ. ಆದರೆ ಕಳ್ಳನ ಮುಂದೆಯೂ ಅಷ್ಟೇ. ಗುರಿ ತಪ್ಪಿದ ಗುಂಡು ನಿಲ್ಲುವುದು ಪಕ್ಕದ ಮನೆಯ ಮಂಚದ ಬಳಿ. ಕೋಕನ ಕೋಟೆಯ ಸೂತ್ರ ಕಲ್ಲಿನ ಗೋಡೆಯ ಕಾಲದ್ದು. ಅದನ್ನು ಕಾಗದದ ಗೋಡೆಗೆ ತಂದು ಹಚ್ಚಿದ್ದಾರೆ.

ಲೆಕ್ಕಗಳನ್ನೂ ನೋಡಿದೆ. ಆರ್ಥರ್ ಕೆಲ್ಲರ್‌ಮನ್ ಮತ್ತು ಡೊನಾಲ್ಡ್ ರೇ ಎಂಬ ವೈದ್ಯರು ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ 1978ರಿಂದ 1983ರವರೆಗೆ ಬಂದೂಕಿದ್ದ ಮನೆಗಳಲ್ಲಿ ಗುಂಡಿನಿಂದಾದ 398 ಸಾವುಗಳನ್ನು ಪರಿಶೀಲಿಸಿ 1986ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಆತ್ಮರಕ್ಷಣೆಯವು 9. ಆತ್ಮಹತ್ಯೆಗಳು 333. ಸತ್ತವರನ್ನು ಮಾತ್ರ ಎಣಿಸಿದರೆ ಬಂದೂಕು ತೋರಿಸಿ ಓಡಿಸಿದ ಕಳ್ಳರು ಲೆಕ್ಕಕ್ಕೆ ಸಿಗುವುದಿಲ್ಲ ಎಂಬ ಆಕ್ಷೇಪಣೆ ಬಂತು. ಅದು ನ್ಯಾಯವಾದ ಆಕ್ಷೇಪಣೆಯೇ. ಆದರೆ 2020ರಲ್ಲಿ ಕ್ಯಾಲಿಫೋರ್ನಿಯಾದ 2 ಕೋಟಿ 60 ಲಕ್ಷ ಜನರನ್ನು ಕುರಿತ ಅಧ್ಯಯನವೊಂದು ಬಂದಿದೆ. ಕೈಬಂದೂಕು ಕೊಂಡ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಕೊಳ್ಳದವರಿಗಿಂತ ಸುಮಾರು 8 ಪಟ್ಟು. ಹೆಂಗಸರಲ್ಲಿ 35 ಪಟ್ಟು. ಕಳ್ಳನು ಬಾಗಿಲಿಗೆ ಬರುವುದು ಎಂದೋ ಒಂದು ದಿನ. ಮನಸ್ಸು ಮುರಿಯುವ ರಾತ್ರಿ ಎಲ್ಲರ ಮನೆಗೂ ಬರುತ್ತದೆ. ಇದನ್ನು ಓದಿದಾಗ ಅವರ ಮಗನ ನೆನಪಾಯಿತು. ಹದಿನೈದು ವರ್ಷದ ಹುಡುಗ. ಹೊಸ ಶಾಲೆಗೆ ಸೇರಿದ ಮೇಲೆ ಮಾತು ಕಡಮೆ ಮಾಡಿದ್ದಾನೆ, ಕೋಣೆಯಿಂದ ಹೊರಗೆ ಬರುವುದಿಲ್ಲ ಎಂದು ಹೋದ ದೀಪಾವಳಿಯಲ್ಲಿ ತಾಯಿ ನನ್ನ ಹೆಂಡತಿಯ ಬಳಿ ಹೇಳಿಕೊಂಡಿದ್ದಳು.

ಬಾಗಿಲಿಗೆ ಬಂದವನು ಕಳ್ಳನೆಂದು ತಿಳಿಯುವುದಾದರೂ ಹೇಗೆ? 1992ರ ಅಕ್ಟೋಬರಿನಲ್ಲಿ ಲೂಯಿಸಿಯಾನದ ಬ್ಯಾಟನ್ ರೂಜಿನಲ್ಲಿ ಜಪಾನಿನ ವಿದ್ಯಾರ್ಥಿ ಯೊಶಿಹಿರೊ ಹತ್ತೋರಿ, 16 ವರ್ಷದವನು, ವೇಷದ ಹಬ್ಬದ ಕೂಟಕ್ಕೆ ಹೊರಟು ತಪ್ಪು ಮನೆಯ ಗಂಟೆ ಒತ್ತಿದನು. ಮನೆಯೊಡತಿ ಹೆದರಿ ಕೂಗಿಕೊಂಡಳು. ಒಡೆಯನು ರಿವಾಲ್ವರ್ ಹಿಡಿದು ಬಂದು ನಿಲ್ಲೆಂದು ಗದರಿಸಿದನು. ಹುಡುಗ ನಿಲ್ಲಲಿಲ್ಲ. ಒಂದೇ ಗುಂಡು. ಕ್ರಿಮಿನಲ್ ಮೊಕದ್ದಮೆಯಲ್ಲಿ ಒಡೆಯನು ನಿರ್ದೋಷಿಯೆನಿಸಿದನು. ಪರದೇಶದಲ್ಲಿ ಮಕ್ಕಳನ್ನು ಬೆಳೆಸುವ ನಮ್ಮವರು ಆ ಬಾಗಿಲಿನ ಎರಡೂ ಕಡೆ ನಿಂತು ನೋಡಬೇಕಾಗುತ್ತದೆ.

ಇನ್ನೊಂದು ಮನೆಯ ಕಥೆ ಹೇಳಿ ಮುಗಿಸುತ್ತೇನೆ. 1956ರ ಜನವರಿ 30, ಅಲಬಾಮಾದ ಮಾಂಟ್‌ಗೊಮರಿ. ಬಸ್ಸುಗಳ ಬಹಿಷ್ಕಾರ ನಡೆಯುತ್ತಿದ್ದ ಕಾಲ. ಮಾರ್ಟಿನ್ ಲೂಥರ್ ಕಿಂಗ್ ಎಂಬ 27 ವರ್ಷದ ಪಾದ್ರಿ ಸಭೆಯಲ್ಲಿದ್ದಾಗ ಅವರ ಮನೆಯ ಜಗಲಿಗೆ ಬಾಂಬು ಬಿತ್ತು. ಒಳಗೆ ಹೆಂಡತಿ ಕೊರೆಟ್ಟಾ, ಎರಡೂವರೆ ತಿಂಗಳ ಹೆಣ್ಣುಕೂಸು. ಇಬ್ಬರೂ ಹಿಂದಿನ ಕೋಣೆಯಲ್ಲಿದ್ದುದರಿಂದ ಬದುಕಿದರು. ಆಯುಧ ಹಿಡಿದು ಸೇರಿದ ಜನರನ್ನು ಕಿಂಗ್ ಸಮಾಧಾನಪಡಿಸಿ ಮನೆಗೆ ಕಳುಹಿಸಿದರು. ಆದರೆ ಅವರೇ ಬಂದೂಕು ಇಟ್ಟುಕೊಳ್ಳುವ ಪರವಾನಗಿಗೆ ಅರ್ಜಿ ಹಾಕಿದರು; ಅಧಿಕಾರಿಗಳು ಕೊಡಲಿಲ್ಲ. ಮನೆಯಲ್ಲಿ ಕಾವಲಿನವರ ಆಯುಧಗಳಿದ್ದವು. ಬಯಾರ್ಡ್ ರಸ್ಟಿನ್ ಎಂಬ ಗಾಂಧೀವಾದಿ ಆ ಮನೆಗೆ ಬಂದಾಗ, ಅವರ ಜೊತೆಯ ಪತ್ರಕರ್ತರು ಕುಳಿತುಕೊಳ್ಳಹೊರಟ ಕುರ್ಚಿಯ ಮೇಲೆಯೇ ಪಿಸ್ತೂಲು ಬಿದ್ದಿತ್ತು. ರಸ್ಟಿನ್ ಕೂಗಿ ಎಚ್ಚರಿಸಬೇಕಾಯಿತು. ಆಮೇಲೆ ಕಿಂಗ್ ದಂಪತಿಗಳು ಇಬ್ಬರೂ ಕುಳಿತು ಆ ವಿಷಯವನ್ನು ಚರ್ಚಿಸಿದರು. ಮನೆಯಲ್ಲಿದ್ದ ಒಂದೇ ಒಂದು ಸ್ವಂತ ಆಯುಧವನ್ನು ತೆಗೆದುಹಾಕಲು ನಿಶ್ಚಯಿಸಿದರು. ಅದನ್ನು ತೆಗೆದ ಮೇಲೆಯೇ ತಮಗೆ ಸಾವಿನ ಭಯವನ್ನು ಎದುರಿಸುವುದು ಸಾಧ್ಯವಾಯಿತೆಂಬ ಅರ್ಥದ ಮಾತನ್ನು ಅವರು ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಬಾಂಬು ಬಿದ್ದ ಮನೆಯವರು ಅವರು. ಅವರನ್ನು ಯಾರೂ ಅಂಜುಬುರುಕರೆನ್ನಲಾರರು.

ಮೂರನೆಯ ದಿನ ನಾನೇ ಕರೆ ಮಾಡಿ ಇಷ್ಟನ್ನೂ ಹೇಳಿದೆ. ಕೊಳ್ಳಬೇಡವೆಂದು ಅಪ್ಪಣೆ ಕೊಡಲಿಲ್ಲ. ಕಳ್ಳ ಬಂದ ರಾತ್ರಿ ನಾನು ಅಲ್ಲಿ ಇರುವವನಲ್ಲವಲ್ಲ. ಕೊಳ್ಳುವುದಾದರೆ ಮೊದಲು ಬೀಗದ ಉಕ್ಕಿನ ಪೆಟ್ಟಿಗೆ ಕೊಳ್ಳು, ಆಮೇಲೆ ಬಂದೂಕು. ಗುಂಡು ಒಂದು ಕಡೆ, ಆಯುಧ ಇನ್ನೊಂದು ಕಡೆ. ಹದಿನೇಳು ತುಂಬದ ಮಕ್ಕಳ ಕೈಗೆ ಸಿಗುವಂತೆ ಸಜ್ಜಾದ ಬಂದೂಕು ಇಟ್ಟರೆ ಟೆಕ್ಸಾಸಿನ ಕಾನೂನಿನಲ್ಲಿಯೂ ಅಪರಾಧ, ನೆನಪಿರಲಿ ಎಂದೆ. ಬಾಗಿಲಿನ ಚೌಕಟ್ಟಿಗೆ ಉದ್ದ ತಿರುಪುಗಳ ಗಟ್ಟಿ ಅಗುಳಿ ಹಾಕಿಸು ಎಂದೂ ಸೇರಿಸಿದೆ. "ಅಷ್ಟು ಬೀಗ ಹಾಕಿಟ್ಟರೆ ಕಳ್ಳ ಬಂದಾಗ ಕೈಗೆ ಸಿಗುವುದಿಲ್ಲವಲ್ಲ ಸರ್?" ಎಂದನು. ಹೌದು, ಅದೇ ತೊಡಕು ಎಂದೆ. ಮಗನ ವಿಷಯ ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದನು.

ಮೊನ್ನೆ ಅವಳ ಸಂದೇಶ ಬಂತು. ಅಗುಳಿ ಹಾಕಿಸಿದ್ದಾರೆ. ಮಗನನ್ನು ಶಾಲೆಯ ಆಪ್ತಸಮಾಲೋಚಕರ ಬಳಿಗೆ ಎರಡು ಸಲ ಕರೆದುಕೊಂಡು ಹೋಗಿದ್ದಾರೆ. ಉಕ್ಕಿನ ಪೆಟ್ಟಿಗೆಯೂ ಬಂದಿದೆ. ಸದ್ಯಕ್ಕೆ ಅದರಲ್ಲಿ ನಾಲ್ವರ ಪಾಸ್‌ಪೋರ್ಟುಗಳನ್ನೂ ಅವಳ ತವರಿನ ಪತ್ತಾಕನ್ನೂ ಇಟ್ಟಿದ್ದಾರಂತೆ.